ಎಂಟು ಮಾರ್ಕಿನ ದೋಣಿ ರೂಪಾಯಿ

ನಮ್ಮ ಬಾಡ ಊರಿನ ಸುಧಾಕರನಲ್ಲಿ ಕೆಟ್ಟ ಗುಣ ಹುಡುಕಿದರೂ ಸಿಗುವುದಿಲ್ಲ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಕುಮಟೆಯ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದೂ ಯಾರ ಮೇಲೂ ದನಿ ಏರಿಸಿದವನಲ್ಲ. ಇರುವುದು ಒಂದೇ ದೋಷ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದರೆ ಸಾಕು, ಆ ವಿಷಯದಲ್ಲಿ ಪಂಡಿತನಾಗಿಬಿಡುತ್ತಾನೆ. ಜೇನು ಸಾಕಣೆಯ ವಿಡಿಯೋ ನೋಡಿದ ವರ್ಷ ಅವನ ಹೆಂಡತಿ ಮಾಲತಿಯ ಮುಖ ಊದಿಕೊಂಡು ಗುರುತು ಸಿಗದಂತಾಗಿತ್ತು. ಮಳೆನೀರು ಇಂಗಿಸುವ ವಿಡಿಯೋ ನೋಡಿದ ವರ್ಷ ನೀರು ನೇರವಾಗಿ ಅಡುಗೆಮನೆಗೇ ಇಂಗಿತು. ಹಾಗಾಗಿ ಕಳೆದ ಶಿವರಾತ್ರಿಯ ಸುಮಾರಿಗೆ ಅವನು ನಾಣ್ಯಶಾಸ್ತ್ರಜ್ಞನಾದಾಗ ಕೇರಿಯವರೆಲ್ಲ ಸಮಾಧಾನದ ಉಸಿರು ಬಿಟ್ಟರು. ನಾಣ್ಯ ಕಚ್ಚುವುದಿಲ್ಲ, ಸೋರುವುದೂ ಇಲ್ಲ ಎಂದು ಬೇಲಿಯಾಚೆ ನಿಂತು ನಾನೇ ಮಾಲತಿಗೆ ಧೈರ್ಯ ಹೇಳಿದ್ದೆ. ನನ್ನ ಮಾತಿಗೆ ಅಷ್ಟೇ ಬೆಲೆ.

ಅವರ ಮನೆಯಲ್ಲಿ ಒಂದು ನಾಣ್ಯ ಇತ್ತು. ಇತ್ತು ಎಂದರೆ ಅದು ಅವರ ಮನೆಯದ್ದಾದರೂ ಕೆಲಸ ಮಾಡುತ್ತಿದ್ದದ್ದು ಇಡೀ ಕೇರಿಗೆ. ಸುಧಾಕರನ ಅಜ್ಜ ಹಡಗಿನಲ್ಲಿ ಖಲಾಸಿಯಾಗಿ ದೇಶ ಸುತ್ತಿ, ಕೆನಡಾದ ಯಾವುದೋ ಬಂದರಿನಿಂದ ತಂದ ಬೆಳ್ಳಿಯ ಡಾಲರ್ ಅದು. ಒಂದು ಬದಿಯಲ್ಲಿ ಇಂಗ್ಲೆಂಡಿನ ರಾಜ. ಇನ್ನೊಂದು ಬದಿಯಲ್ಲಿ ಇಬ್ಬರು ಹುಟ್ಟು ಹಾಕುತ್ತಿರುವ ಒಂದು ದೋಣಿ. ಅಷ್ಟು ದೂರದ ದೇಶದ ರೊಕ್ಕದ ಮೇಲೂ ದೋಣಿ ಇದೆಯಲ್ಲ ಎಂದು ಅಜ್ಜನಿಗೆ ಎಷ್ಟು ಸಂತೋಷವಾಯಿತೆಂದರೆ, ಊರಿಗೆ ಬಂದವನೇ ತಮ್ಮನ ಹೊಸ ದೋಣಿಯ ಮೂತಿಗೆ ಅರಿಶಿನ ಹಚ್ಚಿ ಆ ನಾಣ್ಯವನ್ನು ಅದರ ಮೇಲೆ ಒತ್ತಿ ತಿಕ್ಕಿದನಂತೆ. ದೋಣಿ ತುಂಬಿ ಬಂಗಡೆ ಮೀನು ಬಂತು. ಅಂದಿನಿಂದ ಬಾಡದ ಕೇರಿಯಲ್ಲಿ ಯಾವ ಹೊಸ ದೋಣಿ ನೀರಿಗೆ ಇಳಿದರೂ ಮೊದಲು 'ದೋಣಿ ರೂಪಾಯಿ' ಮುಟ್ಟಿಸಬೇಕು. ಮುಟ್ಟಿಸುವವಳು ಆ ಮನೆಯ ಹಿರಿಯ ಹೆಂಗಸು. ಈಗ ಸುಧಾಕರನ ದೊಡ್ಡಮ್ಮ ಈರಮ್ಮ. ಮೊಣಕಾಲು ಹಿಡಿದುಕೊಂಡು ಕುಮಟೆಯ ಪೇಟೆಗೆ ಮೀನು ಬುಟ್ಟಿ ಹೊರುವುದು ನಿಂತ ಮೇಲೆ ಅವಳಿಗೆ ಉಳಿದಿದ್ದ ಕೆಲಸ ಇದೊಂದೇ, ಅವಳ ಗತ್ತು ಇದ್ದದ್ದೂ ಅದರಲ್ಲೇ.

ಸುಧಾಕರ ವಿಡಿಯೋದಲ್ಲಿ ಅಂಥದ್ದೇ ನಾಣ್ಯ ನೋಡಿಬಿಟ್ಟ. ಆದರೆ ಅದು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕುಳಿತಿತ್ತು, ತಲೆಯ ಮೇಲೆ ಚೀಟಿ, ಚೀಟಿಯಲ್ಲಿ ಅಂಕ. ಅವತ್ತು ಸಂಜೆಯೇ ಅವನು ಜಗಲಿಯಲ್ಲಿ ನಮ್ಮನ್ನೆಲ್ಲ ಕೂರಿಸಿ ಪಾಠ ಮಾಡಿದ.

"ನಮ್ಮ ಶಾಲೆ ಪೇಪರು ನಮ್ಮ ಮಾಸ್ತರೇ ತಿದ್ದಿದ್ರೆ ಯಾರು ನಂಬ್ತ್ರು? ಬೇರೆ ಊರವ್ರು ತಿದ್ದಬೇಕು. ನಾಣ್ಯಕ್ಕೂ ಹಾಂಗೇ. ಮಾರೂವನೂ ಅಲ್ಲ, ತಕಂಬುವನೂ ಅಲ್ಲ, ಮೂರನೇಯವ ಒಬ್ಬ ನೋಡಿ ಮಾರ್ಕು ಹಾಕ್ತ. ಆಮೇಲೆ ಪೆಟ್ಟಿಗೆಲಿ ಇಟ್ಟು ಸೀಲು ಮಾಡಿ ಕಳಿಸ್ತ್ರು. ಮತ್ತೆ ಅದ್ಕೆ ಗಾಳಿ ಇಲ್ಲ, ಉಪ್ಪು ಇಲ್ಲ, ಕೈ ಬೆವರಿಲ್ಲ."

"ಮಾರೂಕೆ ಎಂತಕ್ಕೆ ಹೊರಟಿದ್ಯಾ?" ಎಂದಳು ಈರಮ್ಮ.

"ಮಾರೂದಲ್ಲ ದೊಡ್ಡಮ್ಮ. ಮರ್ಯಾದೆ."

ಮರ್ಯಾದೆ ಎಂಬ ಮಾತು ಕೇಳಿದ್ದೇ ಈರಮ್ಮ ಮೆತ್ತಗಾದಳು. ಕೇರಿಯ ಶನಿಯಾರ ಹೊಸ ದೋಣಿ ಮಾಡಿಸುತ್ತಿದ್ದ, ಶ್ರಾವಣದ ನೂಲ ಹುಣ್ಣಿಮೆಗೆ ಅದು ನೀರಿಗೆ ಇಳಿಯಬೇಕಿತ್ತು. ಅಷ್ಟರೊಳಗೆ ನಾಣ್ಯ ಮನೆಗೆ ಬರಬೇಕು ಎಂಬ ಒಂದೇ ಷರತ್ತಿನ ಮೇಲೆ ಅವಳು ದೇವರ ಗೂಡಿನಿಂದ ಅದನ್ನು ತೆಗೆದುಕೊಟ್ಟಳು. ಅದು ಹೋಗುವ ಕೆನಡಾದಲ್ಲಿ ಚಳಿ ಜಾಸ್ತಿ ಎಂದು ಕೇಳಿದ್ದರಿಂದ ಒಂದು ಹತ್ತಿಬಟ್ಟೆಯಲ್ಲಿ ಸುತ್ತಿದಳು. ಸುಧಾಕರ ಹುಬ್ಬಳ್ಳಿಯ ನಾಣ್ಯ ಪ್ರದರ್ಶನಕ್ಕೆ ಹೋಗಿ, ಮುಂಬಯಿಯ ಒಬ್ಬ ದಲಾಲಿಯ ಕೈಗೆ ಅದನ್ನು ಒಪ್ಪಿಸಿದ. ಅವನು ಇಂಥವುಗಳನ್ನು ಒಟ್ಟುಮಾಡಿ ಕೆನಡಾದ ಕಂಪನಿಗೆ ಕಳಿಸುವವನು.

ಆಷಾಢದ ಒಂದು ಮಧ್ಯಾಹ್ನ ಕೊರಿಯರ್ ಬಂತು. ಸುಧಾಕರ ರಜೆ ಹಾಕಿ ಮನೆಯಲ್ಲೇ ಇದ್ದ, ಅವನ ಜೊತೆ ಅರ್ಧ ಕೇರಿಯೂ ಇತ್ತು. ಒಳಗಿನಿಂದ ಬಂದದ್ದು ಅಂಗೈ ಅಗಲದ ದಪ್ಪ ಪ್ಲಾಸ್ಟಿಕ್ ಪೆಟ್ಟಿಗೆ. ಅದಕ್ಕೆ ಮುಚ್ಚಳವಿಲ್ಲ, ಕೀಲಿಲ್ಲ, ಎಲ್ಲಿ ಕೂಡಿಸಿದ್ದಾರೆಂಬ ಗುರುತೂ ಇಲ್ಲ. ಒಳಗೆ ದೋಣಿ ರೂಪಾಯಿ, ಅದರ ರಾಜನ ಕಿವಿಯ ಸಂದಿಯಲ್ಲಿ ನಮ್ಮೂರ ಅರಿಶಿನ ಹಾಗೇ ಇತ್ತು. ಮೇಲಿನ ಚೀಟಿಯಲ್ಲಿ ದೇಶದ ಹೆಸರು, ಇಸವಿ, ಪಟ್ಟೆಪಟ್ಟೆ ಗೆರೆ, ಕೊನೆಗೆ ಇಂಗ್ಲಿಷಿನಲ್ಲಿ 'ವೆರಿ ಗುಡ್ 8'.

"ರೂಪಾಯಿಗೂ ಆಧಾರ ಕಾರ್ಡು ಬಂತು," ಎಂದಳು ಬಂಗಾರಿ. ಇವಳು ಬಾಡದಿಂದ ಕುಮಟೆಗೆ ಮೀನು ಒಯ್ಯುವವಳು, ಜೊತೆಗೆ ಸುದ್ದಿಯನ್ನೂ ಒಯ್ಯುತ್ತಾಳೆ. ಮೀನು ಒಮ್ಮೊಮ್ಮೆ ಉಳಿದು ವಾಪಸು ಬರುವುದುಂಟು, ಸುದ್ದಿ ಎಂದೂ ಉಳಿದಿಲ್ಲ.

"ತೆಗಿ ಅದ್ನ ಹೊರಗೆ," ಎಂದಳು ಈರಮ್ಮ.

"ತೆಗೂಕಾಗುದಿಲ್ಲ ದೊಡ್ಡಮ್ಮ. ಪೆಟ್ಟಿಗೆ ಒಡೆದ್ರೆ ಮಾರ್ಕು ರದ್ದಾತದೆ."

"ಆತು, ದೋಣಿ ಇಳಿಸೂ ದಿನ ನೋಡ್ವ," ಎಂದು ಅವಳು ಅದನ್ನು ಪೆಟ್ಟಿಗೆ ಸಮೇತ ದೇವರ ಗೂಡಿನಲ್ಲಿಟ್ಟಳು.

ಚೀಟಿಯ ಅರ್ಥ ಹೇಳಲು ರಮಾನಂದ ಮಾಸ್ತರನ್ನು ಕರೆಸಲಾಯಿತು. ಹೈಸ್ಕೂಲಿನಿಂದ ನಿವೃತ್ತರಾದ ಅವರು ಎಸ್ಸೆಸ್ಸೆಲ್ಸಿ ಪೇಪರು ತಿದ್ದಿ ತಿದ್ದಿ, ಮನೆಗೆ ಬಂದ ಮದುವೆ ಕರೆಯೋಲೆಯಲ್ಲೂ ಕೆಂಪು ಗೆರೆ ಎಳೆಯುವವರು. ಕನ್ನಡಕ ಏರಿಸಿ ಓದಿದರು, ಕನ್ನಡಕ ಇಳಿಸಿ ಯೋಚಿಸಿದರು.

"ವೆರಿ ಗುಡ್ ಅಂತ ಬರೆದು ಎಂಟು ಹಾಕಿದ್ದಾರೆ. ನೂರಕ್ಕೆ ಎಂಟು ಬಂದವನಿಗೆ ವೆರಿ ಗುಡ್ ಬರೆಯುವ ಮಾಸ್ತರು ಭೂಮಿ ಮೇಲೆ ಹುಟ್ಟಿಲ್ಲ. ಆದ್ದರಿಂದ ಇದು ಹತ್ತಕ್ಕೆ ಎಂಟು. ಡಿಸ್ಟಿಂಕ್ಷನ್."

ಈ ಅಂಕಗಳು ಎಪ್ಪತ್ತಕ್ಕೆ ಎಂಬುದು ಸುಧಾಕರನಿಗೆ ಚೆನ್ನಾಗಿ ಗೊತ್ತಿತ್ತು, ವಿಡಿಯೋದಲ್ಲಿ ಅದನ್ನು ಮೊದಲೇ ಹೇಳಿದ್ದರು. ಅವನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಈರಮ್ಮ ತಿರುಗಿ ಅವನ ಕೆನ್ನೆ ಸವರಿದಳು. ಜೇನು, ಮಳೆನೀರು ಇವೆಲ್ಲದರ ನಂತರ ಆ ಮನೆಯಲ್ಲಿ ಅವನ ಕೆನ್ನೆ ಸವರಿದವರು ಯಾರೂ ಇರಲಿಲ್ಲ. ಮಾಲತಿ ಶಿರಾ ಮಾಡಿದಳು. ತೆರೆದ ಬಾಯಿಗೆ ಅವನು ಶಿರಾ ಹಾಕಿಕೊಂಡ.

ಮರುದಿನ ಬಂಗಾರಿಯ ಬುಟ್ಟಿಯ ಜೊತೆ ಸುದ್ದಿ ಕುಮಟೆ ಸೇರಿತು. ಅಲ್ಲಿ ಅದು ಹತ್ತಕ್ಕೆ ಎಂಟಾಗಿಯೇ ಇತ್ತು. ಹೊನ್ನಾವರ ಮುಟ್ಟುವಾಗ ಇಡೀ ಕೆನಡಾಕ್ಕೆ ಎರಡನೇ ಸ್ಥಾನವಾಯಿತು. ಎರಡು ದಿನ ಕಳೆದ ಮೇಲೆ ಭಟ್ಕಳದ ಪರಿಚಯದ ಬಟ್ಟೆ ವ್ಯಾಪಾರಿ ಫೋನು ಮಾಡಿ, "ಸುಧಾಕರ್ ಭಾಯ್, ಮುಬಾರಕ್. ನಿಮ್ಮ ಮಗನಿಗೆ ಕೆನಡಾದಲ್ಲಿ ಸೀಟು ಆಯಿತಂತೆ," ಎಂದರು. ಸುಧಾಕರನಿಗಿರುವುದು ಒಬ್ಬಳೇ ಮಗಳು, ಆರನೇ ಇಯತ್ತೆ. ಅವನು ಶುಕ್ರಿಯಾ ಎಂದು ಫೋನು ಇಟ್ಟ. ಒಳ್ಳೆಯ ಮಾತು ಹೇಳುವವರನ್ನು ತಿದ್ದುವುದು ಅವನ ಸ್ವಭಾವದಲ್ಲೇ ಇಲ್ಲ.

ಸೊಸೈಟಿಯ ಮ್ಯಾನೇಜರ್ ರವೀಂದ್ರ ಅವರಿಗೆ ಸನ್ಮಾನ ಮಾಡುವುದೆಂದರೆ ಪ್ರಾಣ. ಒಂದು ಶನಿವಾರ ಕೆಲಸ ಮುಗಿದ ಮೇಲೆ ಕಾರ್ಯಕ್ರಮ ಇಟ್ಟರು. ಪೆಟ್ಟಿಗೆಯನ್ನು ಮೇಜಿನ ಮೇಲೆ ನಿಲ್ಲಿಸಿ ಜಾಜಿ ಮಾಲೆ ಹಾಕಿದರು. ಶಾಲು ನಾಣ್ಯಕ್ಕೋ ಸುಧಾಕರನಿಗೋ ಎಂದು ಸ್ವಲ್ಪ ಚರ್ಚೆಯಾಗಿ, ನಾಣ್ಯಕ್ಕೆ ಹೆಗಲಿಲ್ಲ ಎಂಬ ಕಾರಣಕ್ಕೆ ಸುಧಾಕರನಿಗೆ ಎಂದಾಯಿತು. ಈರಮ್ಮ ಮುಂದಿನ ಕುರ್ಚಿಯಲ್ಲಿ ಹೊಸ ಸೀರೆ ಉಟ್ಟು ಕುಳಿತಿದ್ದಳು. ಪಕ್ಕದಲ್ಲಿ ಮಾಸ್ತರು, ಶನಿಯಾರ, ಅವನ ಹೆಂಡತಿ ತಿಮ್ಮಿ, ಹಿಂದೆ ನಾವೆಲ್ಲ. ಮ್ಯಾನೇಜರು ನಮ್ಮ ಕರಾವಳಿಯ ಕೀರ್ತಿ ಸಪ್ತಸಾಗರ ದಾಟಿದ ಬಗೆಯನ್ನು ವಿವರಿಸುತ್ತ ನಾಲ್ಕನೆಯ ಸಾಗರದಲ್ಲಿದ್ದರು. ಆಗ ಹೊಸದಾಗಿ ಸೇರಿದ ಕ್ಯಾಶಿಯರ್ ಶ್ರೇಯಾ ಮೊಬೈಲಿನಿಂದ ತಲೆ ಎತ್ತಿದಳು. ಪಾಪ, ಅವಳಿಗೆ ಯಾವ ದುರುದ್ದೇಶವೂ ಇರಲಿಲ್ಲ.

"ಸರ್, ಇದು ಹತ್ತಕ್ಕಲ್ಲ. ಎಪ್ಪತ್ತಕ್ಕೆ."

ಮಾಸ್ತರು ಗಾಳಿಯಲ್ಲೇ ಬೆರಳಿನಿಂದ ಭಾಗಾಕಾರ ಮಾಡಿದರು.

"ಶೇಕಡಾ ಹನ್ನೊಂದು ಚಿಲ್ಲರೆ," ಎಂದರು. "ಗ್ರೇಸ್ ಮಾರ್ಕು ಕೊಟ್ಟರೂ ಮೇಲೆ ಏಳುವುದಿಲ್ಲ."

"ಅಂದ್ರೆ?" ಎಂದಳು ತಿಮ್ಮಿ.

"ನಾಪಾಸು."

ಮ್ಯಾನೇಜರು ಶಾಲನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿಟ್ಟರು. ಮುಂದಿನ ತಿಂಗಳು ಜವಾನ ನಿವೃತ್ತನಾಗುವವನಿದ್ದ, ಹೇಗೂ ಬೇಕಾಗಿತ್ತು.

ಬಾಡಕ್ಕೆ ವಾಪಸಾಗುವ ಟೆಂಪೋದಲ್ಲೇ ಸಲಹೆಗಳು ಶುರುವಾದವು. ಮರುಮೌಲ್ಯಮಾಪನಕ್ಕೆ ಹಾಕಬೇಕು ಎಂದರು ಮಾಸ್ತರು. ಮೂರನೆಯವನ ಮೇಲೆ ನಂಬಿಕೆ ಹೋದರೆ ನಾಲ್ಕನೆಯವನಿಗೆ ಕೊಡಬೇಕು, ಇದು ಎಲ್ಲ ಬೋರ್ಡಿನಲ್ಲೂ ಇರುವ ಪದ್ಧತಿ ಎಂದು ವಿವರಿಸಿದರು. ಬಂಗಾರಿಯ ಪ್ರಕಾರ ತಪ್ಪು ತಯಾರಿಯದು. "ಹುಣಸೆಹಣ್ಣು ಹಾಕಿ ಚೆಂದ ಮಾಡಿ ತಿಕ್ಕಿ ಕಳಿಸಿದ್ರೆ ಫಸ್ಟ್ ಕ್ಲಾಸ್ ಬತ್ತಿತ್ತು. ಮೈ ತೊಳಿಸ್ದೆ ಯಾರಾರೂ ಪರೀಕ್ಷೆಗೆ ಕಳಿಸ್ತ್ರಾ?" ತಿಕ್ಕಿದರೆ ಮಾರ್ಕು ಇನ್ನೂ ಕಡಿಮೆಯಾಗುತ್ತದೆ ಎಂದು ಸುಧಾಕರ ಸಣ್ಣ ದನಿಯಲ್ಲಿ ಹೇಳಿದ. ಅವನು ಈಗ ಏನು ಹೇಳಿದರೂ ಕೇಳುವವರಿರಲಿಲ್ಲ.

ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವಳು ತಿಮ್ಮಿ. ಮರುದಿನ ಬೆಳಿಗ್ಗೆ ಗಂಡನನ್ನು ಮುಂದೆ ಮಾಡಿಕೊಂಡು ಈರಮ್ಮನ ಅಂಗಳಕ್ಕೆ ಬಂದಳು. ಗಂಡನನ್ನು ಮುಂದೆ ಮಾಡಿದ್ದು ನೋಟಕ್ಕೆ ಮಾತ್ರ, ಮಾತು ಹಿಂದಿನಿಂದಲೇ ಬಂತು.

"ನಾಪಾಸಾದ ರೂಪಾಯಿ ಮುಟ್ಟಿಸಿ ದೋಣಿ ಇಳಿಸಿದ್ರೆ ಅದು ದಡ ಹತ್ತೂದು ಹೇಂಗೆ? ನೀವೇ ಹೇಳಿ ಈರಮ್ಮಕ್ಕ. ನಾವು ತೆಂಗಿನಕಾಯಿ ಒಡೆದು ಇಳಿಸ್ತೇವೆ, ಸಾಕು."

"ನಂಗೆ ಎಂತದೂ ಇಲ್ಲ ಅಕ್ಕ," ಎಂದ ಶನಿಯಾರ ನೆಲ ನೋಡುತ್ತ. "ತಿಮ್ಮಿ ಹೇಳ್ತದೆ."

ಈರಮ್ಮ ಒಳಗೆ ಹೋಗಿ ದೇವರ ಗೂಡಿಗೆ ಬೆನ್ನು ಹಾಕಿ ಕುಳಿತಳು. ಮಾಲತಿ ಊಟಕ್ಕೆ ಕರೆದರೆ ಗಂಜಿ ಸಾಕು ಎಂದಳು. ತಟ್ಟೆಯಲ್ಲಿ ಹುರಿದ ನೊಗಲಿ ಇತ್ತು, ಬೇಡ ಎಂದಳು. ಈರಮ್ಮ ಮೀನು ಬೇಡ ಎಂದ ಸುದ್ದಿ ಕೇರಿಗೆ ಹಬ್ಬಿದಾಗ ಎರಡು ಮನೆಯವರು ಡಾಕ್ಟರಿಗೆ ಫೋನು ಮಾಡಲು ಎದ್ದರು.

ಅವಳಿಗೆ ಆಗಿದ್ದೇನೆಂದು ಸುಧಾಕರನಿಗೆ ಅವತ್ತು ಅರ್ಥವಾಯಿತು. ಈ ದೋಣಿ ಮುಟ್ಟಿಸದೆ ಇಳಿದರೆ ಮುಂದಿನ ದೋಣಿಯೂ ಹಾಗೇ ಇಳಿಯುತ್ತದೆ. ಇನ್ನು ಯಾರೂ ಅರಿಶಿನದ ಬಟ್ಟಲು ಹಿಡಿದು ಈರಮ್ಮಕ್ಕಾ ಎಂದು ಬಾಗಿಲಿಗೆ ಬರುವುದಿಲ್ಲ. ದೊಡ್ಡಮ್ಮನಿಗೆ ಉಳಿದಿದ್ದ ಒಂದೇ ಕೆಲಸವನ್ನು ಅವನು ಮರ್ಯಾದೆ ತರುತ್ತೇನೆಂದು ಹೋಗಿ ಕಿತ್ತುಕೊಂಡಿದ್ದ. ಬೇಲಿಯ ಹತ್ತಿರ ನಿಂತು ಅವನು ಅತ್ತ. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

ನೂಲ ಹುಣ್ಣಿಮೆಯ ಬೆಳಿಗ್ಗೆ ಕಡಲ ದಂಡೆಯಲ್ಲಿ ಜನ ಸೇರಿದರು. ಶನಿಯಾರನ ಹೊಸ ಫೈಬರ್ ದೋಣಿ ನೀಲಿ ಬಣ್ಣ ಹೊಡೆಸಿಕೊಂಡು ಮೂತಿಗೆ ಮಾವಿನೆಲೆ ಕಟ್ಟಿಕೊಂಡು ನಿಂತಿತ್ತು. ಭರತದ ನೀರು ತುಂಬಿ ನಿಂತ ಹೊತ್ತಿನಲ್ಲಿ ತಳ್ಳಬೇಕು, ಇಳಿತ ಶುರುವಾದರೆ ದೋಣಿ ಮರಳಿನಲ್ಲಿ ಕೂರುತ್ತದೆ. ತಿಮ್ಮಿ ತೆಂಗಿನಕಾಯಿ ಎತ್ತುವಷ್ಟರಲ್ಲಿ ಜನ ಪಕ್ಕಕ್ಕೆ ಸರಿದರು. ಸುಧಾಕರ ಕರೆಯದೇ ಬಂದಿದ್ದ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ದೊಡ್ಡಮ್ಮನ ಕೈ. ಅವಳನ್ನು ಅವನು ಎಳೆದುಕೊಂಡು ಬಂದಿದ್ದನೋ, ಮೊಣಕಾಲು ನೋವಿಗೆ ಅವಳೇ ಅವನನ್ನು ಊರುಗೋಲು ಮಾಡಿಕೊಂಡಿದ್ದಳೋ ಹೇಳುವುದು ಕಷ್ಟ.

"ಎಪ್ಪತ್ತಕ್ಕೆ ಅಂತ ನಂಗೆ ಮೊದ್ಲೇ ಗೊತ್ತಿತ್ತು," ಎಂದ ಸುಧಾಕರ ಎಲ್ಲರಿಗೂ ಕೇಳುವಂತೆ. "ಹೇಳ್ಲಿಲ್ಲ. ತಪ್ಪು ನಂದು, ರೂಪಾಯಿದಲ್ಲ."

ಜನ ಏನಾದರೂ ಅನ್ನುವ ಮೊದಲು ಈರಮ್ಮ ಕೇಳಿದಳು. "ಎಪ್ಪತ್ತಕ್ಕೆ ಎಪ್ಪತ್ತು ಯಾವ್ದಕ್ಕೆ ಕೊಡ್ತ್ರು ಅಲ್ಲಿ?"

"ಅಚ್ಚಿಂದ ಬಿದ್ದ ದಿನ ಹೇಂಗಿತ್ತೊ ಹಾಂಗೇ ಇದ್ದದ್ದಕ್ಕೆ ದೊಡ್ಡಮ್ಮ. ಯಾರೂ ಮುಟ್ಟಿರಬಾರದು, ತಿಕ್ಕಿರಬಾರದು, ಕಿಸೆಗೂ ಹಾಕಿರಬಾರದು."

"ಅಂದ್ರೆ ಕೆಲ್ಸ ಮಾಡಿರಬಾರದು."

ಸುಧಾಕರ ಯೋಚಿಸಿದ. "ಹೌದು."

"ಒಂದ್ ದಿನವೂ ದುಡಿಯದೇ ಇದ್ದವ್ಗೆ ಪೂರ್ತಿ ಮಾರ್ಕಾ? ಅಂಥವ್ರಿಗೆ ನಮ್ಮ ಕೇರಿಲಿ ಬೇರೆ ಹೆಸರದೆ." ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಹಾಂಗಾರೆ ನಂಗೆ ಎಷ್ಟು ಕೊಡ್ತ್ರು ಅವ್ರು? ಮೊಣಕಾಲು ಸವೆದದೆ. ಹಲ್ಲು ಎರಡೇ ಉಳಿದದೆ. ಬುಟ್ಟಿ ಹೊತ್ತು ನೆತ್ತಿ ಕೂದ್ಲು ಹೋತು. ಎಂಟು ಬಂದ್ರೆ ಹೆಚ್ಚು."

ಯಾರೋ ನಕ್ಕರು. ಅವಳು ಪೆಟ್ಟಿಗೆಯನ್ನು ತಿಮ್ಮಿಯ ಮುಖದ ಹತ್ತಿರ ಹಿಡಿದಳು.

"ಈ ರೂಪಾಯಿ ದೋಣಿಲಿ ಹಿಂದೆ ಕೂತವನ ತಲೆ ಸವೆದದೆ ಕಾಣ್ತಾ? ಕೆನಡಾದಲ್ಲಿ ಸವೆದದ್ದಲ್ಲ. ಶನಿಯಾರನ ಅಪ್ಪನ ದೋಣಿಗೆ ತಿಕ್ಕಿದ್ದು, ಮಾಸ್ತರ ಮನೆ ಎದ್ರು ದೋಣಿ ಅದ್ಯಲಾ, ಅದ್ಕೆ ತಿಕ್ಕಿದ್ದು. ನಿನ್ನ ಅಪ್ಪನ ದೋಣಿಗೆ ತಿಕ್ಕಿದ್ದೂ ನಾನೇ. ನಿನ್ನ ಅಬ್ಬೆ ಹೊಟ್ಟೆಲಿ ನೀನಿದ್ದೆ, ನಿಂತುಕೊಂಬೂಕಾಗ್ದೆ ಇಲ್ಲೇ ಮರಳ ಮೇಲೆ ಕೂತಿತ್ತು. ಹೋದ ಮಾರ್ಕು ಎಲ್ಲೂ ಹೋಗ್ಲಿಲ್ಲ. ಅಲ್ಲಿ ಅದೆ." ಅವಳು ಕಡಲಿನ ಕಡೆ ಕೈ ತೋರಿಸಿದಳು.

ತಿಮ್ಮಿ ಪೆಟ್ಟಿಗೆಯನ್ನು ನೋಡಿದಳು, ಕಡಲನ್ನು ನೋಡಿದಳು. ಅವಳ ಅಪ್ಪನ ದೋಣಿ ಎಂಥ ಗಾಳಿಯಲ್ಲೂ ದಡ ಮುಟ್ಟುತ್ತಿದ್ದದ್ದು ಕೇರಿಗೆಲ್ಲ ಗೊತ್ತು. ಕೈಯಲ್ಲಿದ್ದ ತೆಂಗಿನಕಾಯಿಯನ್ನು ಗಂಡನಿಗೆ ಕೊಟ್ಟಳು.

"ಮುಟ್ಸಿ ಈರಮ್ಮಕ್ಕ," ಎಂದಳು. "ಬೇಗ, ನೀರು ಇಳೀತದೆ."

ಇಲ್ಲಿಗೆ ಎಲ್ಲ ಸುಖಾಂತ ಎಂದು ನೀವು ಅಂದುಕೊಂಡಿದ್ದರೆ ನಿಮಗೆ ಸುಧಾಕರ ಇನ್ನೂ ಅರ್ಥವಾಗಿಲ್ಲ. ಅವನು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡ.

"ಪೆಟ್ಟಿಗೆ ಸಮೇತ ಮುಟ್ಟಿಸಿದ್ರೂ ನಡೀತದೆ ದೊಡ್ಡಮ್ಮ. ದೋಣಿ ಫೈಬರು, ಇದೂ ಪ್ಲಾಸ್ಟಿಕ್ಕು. ಎರಡೂ ಒಂದೇ ಜಾತಿ."

ಈರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮಾಲತಿಗೆ ತಾಳಿ ಕಟ್ಟುವಾಗ ಡಬ್ಬಿ ಸಮೇತ ಕಟ್ಟಿದ್ಯಾ?"

ಮಾಲತಿ ಹಿಂದಿನಿಂದ ಕತ್ತು ಮುಟ್ಟಿ ನೋಡಿಕೊಂಡು, ಇಲ್ಲ ಎಂದು ಸಾಕ್ಷಿ ಹೇಳಿದಳು.

ಅವನು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹುಬ್ಬಳ್ಳಿಯ ಬಸ್ಸು, ದಲಾಲಿಯ ಫೋನು, ಅಷ್ಟು ತಿಂಗಳ ಕಾಯುವಿಕೆ, ತನ್ನ ಹೆಸರಿನಲ್ಲಿ ಹೊರದೇಶದಿಂದ ಬಂದ ಒಂದೇ ಒಂದು ವಸ್ತು. ಆಮೇಲೆ ದೊಡ್ಡಮ್ಮನ ಚಾಚಿದ ಅಂಗೈ ನೋಡಿದ. ಪೆಟ್ಟಿಗೆಯನ್ನು ಚಿರೆಕಲ್ಲಿನ ಮೇಲಿಟ್ಟು, "ಒಡಿ ಶನಿಯಾರ," ಎಂದ.

ಶನಿಯಾರ ತೆಂಗಿನಕಾಯಿಯಿಂದಲೇ ಬಾರಿಸಿದ. ತೆಂಗಿನಕಾಯಿ ಒಡೆಯಿತು. ಬಂಗಾರಿ ಮೀನು ಕೊಯ್ಯುವ ಕತ್ತಿ ತಂದಳು, ಕತ್ತಿಯ ಬಾಯಿ ಹೋಯಿತು. ಮಂಜುಗಡ್ಡೆ ಒಡೆಯುವ ಕೊಡತಿ ಬಂತು, ಪೆಟ್ಟಿಗೆ ಚಿಮ್ಮಿ ಮಾಸ್ತರ ಪಾದದ ಮೇಲೆ ಬಿತ್ತು. "ಈ ಕಂಪನಿಯವರು ಮಾರ್ಕು ಕೊಡುವುದರಲ್ಲಿ ಕಂಜೂಸಿ, ಪೆಟ್ಟಿಗೆ ಮಾಡುವುದರಲ್ಲಿ ಧಾರಾಳಿ," ಎಂದು ಮಾಸ್ತರು ಒಂದು ಕಾಲಿನಲ್ಲಿ ನಿಂತು ಅಭಿಪ್ರಾಯಪಟ್ಟರು. ನೀರು ದೋಣಿಯ ಹಿಂಭಾಗ ಬಿಟ್ಟು ಸರಿಯತೊಡಗಿತ್ತು. ಕೊನೆಗೆ ಸುಧಾಕರನೇ ಎಂಜಿನ್ ರಿಪೇರಿಯ ಇಕ್ಕಳ ತೆಗೆದುಕೊಂಡು ಪೆಟ್ಟಿಗೆಯ ಒಂದು ಮೂಲೆಯನ್ನು ಹಿಡಿದ. ವಿಡಿಯೋದಲ್ಲಿ ಇದನ್ನೂ ಹೇಳಿದ್ದರು, ಎಂದೂ ಮಾಡಬೇಡಿ ಎಂಬ ಎಚ್ಚರಿಕೆಯ ಜೊತೆ. ಕಣ್ಣು ಮುಚ್ಚಿ ಒತ್ತಿದ. ಟಕ್ ಎಂದಿತು.

ದೋಣಿ ರೂಪಾಯಿ ಈರಮ್ಮನ ಅಂಗೈಗೆ ಬಿತ್ತು. ಅವಳು ಮುಷ್ಟಿ ಮುಚ್ಚಿಕೊಂಡಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಅರಿಶಿನ ತೆಗೆದಳು. ಅರಿಶಿನ ಕಟ್ಟಿಕೊಂಡೇ ಬಂದಿದ್ದಳು ಎಂಬುದನ್ನು ಆಗ ನಾವೆಲ್ಲ ಗಮನಿಸಿದೆವು. ನೀಲಿ ಮೂತಿಗೆ ಹಚ್ಚಿ, ನಾಣ್ಯವನ್ನು ಒತ್ತಿಹಿಡಿದು, ಎರಡೇ ಹಲ್ಲಿನ ದವಡೆ ಬಿಗಿದು, ಗಟ್ಟಿಯಾಗಿ ತಿಕ್ಕಿದಳು. ತಳ್ಳಿ ಎಂದಳು. ಊರೇ ತಳ್ಳಿತು. ದೋಣಿ ಮರಳು ಬಿಟ್ಟು ನೀರಿಗೆ ಜಾರಿ, ಒಂದು ಸಲ ತೂಗಿ ನೇರವಾಯಿತು. ತಿಮ್ಮಿ ಮರಳಿನಲ್ಲಿ ಬಿದ್ದಿದ್ದ 'ವೆರಿ ಗುಡ್ 8' ಚೀಟಿಯನ್ನು ಹೆಕ್ಕಿ, ಓಡಿಹೋಗಿ ಸೊಂಟದ ನೀರಿನಲ್ಲಿ ನಿಂತು ಗಂಡನ ಕೈಗೆ ಕೊಟ್ಟಳು. ಈಗಲೂ ಅದು ಶನಿಯಾರನ ಎಂಜಿನ್ ಪೆಟ್ಟಿಗೆಯ ಒಳಬದಿಗೆ ಅಂಟಿಕೊಂಡಿದೆ.

ಸುಧಾಕರ ಒಡೆದ ಪ್ಲಾಸ್ಟಿಕ್ ಚೂರುಗಳನ್ನು ಒಟ್ಟುಮಾಡುತ್ತ ದಂಡೆಯಲ್ಲೇ ಕುಳಿತಿದ್ದ. ಈರಮ್ಮ ಬಂದು ಅವನ ಹೆಗಲು ಹಿಡಿದು ಮೆಲ್ಲಗೆ ಪಕ್ಕದಲ್ಲಿ ಕುಳಿತಳು. ನಾಣ್ಯವನ್ನು ಸೆರಗಿನಿಂದ ಒರೆಸಿ ಅವನ ಕೈಗಿಟ್ಟಳು. ಅವನು ಅದನ್ನು ಬಿಸಿಲಿಗೆ ಹಿಡಿದು, ಪಂಡಿತನ ಗಂಭೀರ ಮುಖ ಮಾಡಿ ಬಹಳ ಹೊತ್ತು ಪರೀಕ್ಷಿಸಿದ.

"ಎಂಟಲ್ಲ, ಈಗ ಏಳೇ ಮಾರ್ಕು ದೊಡ್ಡಮ್ಮ," ಎಂದ.

ಈರಮ್ಮ ದೂರ ಹೋಗುತ್ತಿದ್ದ ನೀಲಿ ದೋಣಿಯನ್ನೇ ನೋಡುತ್ತಿದ್ದಳು.

"ಹಾಂಗಾರೆ ಇನ್ನೂ ಏಳು ದೋಣಿಗೆ ಸಾಕಾತದೆ ಅಲಾ," ಎಂದಳು. "ಮನೆಗೆ ನಡಿ. ನಂಗೆ ಹಸಿವಾತದೆ. ಮೀನು ಎಂತದದೆ ಕೇಳು ಮಾಲತಿ ಹತ್ರ."